ಕದಿಯದೆ ಹಾರಿದ ವಿಮಾನ

ಬೀದರಿನ ವಾಯುನೆಲೆಯಿಂದ ಮೇಲೇರಿದ ತರಬೇತಿ ವಿಮಾನಗಳ ಸದ್ದು ನಮ್ಮ ಮನೂರ್ ಸೀಮೆಯ ಮಕ್ಕಳಿಗೆ ಹೊಸದಲ್ಲ. ಶಾಲೆಯಲ್ಲಿ ಪ್ರಾರ್ಥನೆ ನಡೆಯುತ್ತಿರುವಾಗ ಅದು ಕೇಳಿಸಿದರೆ, ಸಾಲಿನಲ್ಲಿ ನಿಂತ ಅರ್ಧದಷ್ಟು ತಲೆಗಳು ಆಕಾಶದ ಕಡೆಗೆ ತಿರುಗುತ್ತವೆ. ಹಾಕ್ ಎಂಬ ಜೆಟ್ ತರಬೇತಿ ವಿಮಾನಗಳು 2008ರ ಫೆಬ್ರವರಿಯಲ್ಲಿ ನಮ್ಮ ವಾಯುಪಡೆಯನ್ನು ಸೇರಿದ್ದು ಬೀದರಿನಲ್ಲಿಯೇ; ಸೂರ್ಯಕಿರಣ ತಂಡವು 1996ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ತೊಗರಿಯ ಹೊಲದಲ್ಲಿ ನಿಂತು ಕತ್ತೆತ್ತಿ ನೋಡುವ ಹುಡುಗನಿಗೆ ಈ ಇಸವಿಗಳು ಬೇಕಿಲ್ಲ. ಅವನಿಗೆ ಬೇಕಾಗಿರುವುದು ಒಂದೇ: ಅದನ್ನು ಹಾರಿಸುವುದು ಹೇಗೆ?

ನನ್ನ ತಂಗಿಯ ಮಗ ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುತ್ತಿದ್ದಾನೆ. ಅವನೂ ಕತ್ತೆತ್ತಿ ನೋಡುವವರ ಗುಂಪಿನವನೇ. ಕಳೆದ ವರ್ಷ ಅವನ ತಂದೆ ಹೈದರಾಬಾದಿನಿಂದ ಹಳೆಯದೊಂದು ಲ್ಯಾಪ್‌ಟಾಪನ್ನು ಕೊಂಡು ತಂದರು. ಹತ್ತು ವರ್ಷಕ್ಕೂ ಹಿಂದಿನ ಯಂತ್ರ, ನಾಲ್ಕು ಜಿಬಿ ಸ್ಮೃತಿ. ಮಾರಿದ ಅಂಗಡಿಯವನು ಅದರಲ್ಲಿ ವಿಂಡೋಸನ್ನು ಹಾಕಿ, ಅದರ ಜೊತೆಗೆ ವಿಮಾನ ಹಾರಿಸುವ ಆಟವೊಂದನ್ನೂ "ಪುಕ್ಕಟೆ"ಯಾಗಿ ಸೇರಿಸಿ ಕೊಟ್ಟಿದ್ದ. ಹುಡುಗನ ಸಂತೋಷಕ್ಕೆ ಪಾರವಿರಲಿಲ್ಲ. ನನ್ನ ಗಣಕ ಕೆಟ್ಟಿದ್ದ ದಿನಗಳಲ್ಲಿ ನಾನೂ ಅದರ ಮೇಲೆ ಎರಡು ಅರ್ಜಿಗಳನ್ನೂ ಒಂದು ವಕಾಲತ್ತುನಾಮೆಯನ್ನೂ ಟೈಪು ಮಾಡಿಕೊಂಡಿದ್ದೆ.

ಒಂದು ಸಂಜೆ ಅವನು ವಿಜ್ಞಾನ ಪ್ರದರ್ಶನಕ್ಕೆಂದು ಬರೆದಿಟ್ಟ ಕಡತಗಳು ತೆರೆಯದಾದವು. ನನ್ನ ಅರ್ಜಿಗಳೂ ಹೋದವು. ತಿಳಿದವರೊಬ್ಬರು ಬಂದು ನೋಡಿ ಹೇಳಿದ್ದಿಷ್ಟು: ಬೀಗ ಮುರಿದು ಹಂಚಿದ ಆಟದೊಡನೆ ಹಾನಿಕಾರಕ ತಂತ್ರಾಂಶವೂ ಒಳಗೆ ಬಂದಿದೆ, ಅಷ್ಟೇ ಅಲ್ಲ, ಆಟವೂ ಕದ್ದದ್ದು, ವಿಂಡೋಸೂ ಕದ್ದದ್ದು. ಪರದೆಯ ಮೂಲೆಯಲ್ಲಿ ತಿಂಗಳುಗಳಿಂದ ಕಾಣಿಸುತ್ತಿದ್ದ ಮಸುಕಾದ ಇಂಗ್ಲಿಷ್ ಸಾಲಿನ ಅರ್ಥ ಅದೇ ಆಗಿತ್ತು. ನಾವು ಯಾರೂ ಅದನ್ನು ಓದುವ ಗೋಜಿಗೆ ಹೋಗಿರಲಿಲ್ಲ.

ನ್ಯಾಯವಾದಿಯೊಬ್ಬನ ಮನೆಯಲ್ಲಿ ಇಂಥ ಮಾಲು ಸಿಕ್ಕಿದ್ದು ನಗೆಗೀಡಾಗುವ ಸಂಗತಿಯೇ. ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಇದು ನನ್ನೊಬ್ಬನ ಮನೆಯ ಕಥೆಯಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ 63-ಬಿ ಎಂಬ ಕಲಮು ಇದೆ. 1994ರ ತಿದ್ದುಪಡಿಯಿಂದ ಸೇರಿದ್ದು. ಕೃತಿಸ್ವಾಮ್ಯವನ್ನು ಉಲ್ಲಂಘಿಸಿದ ಗಣಕ ಕಾರ್ಯಕ್ರಮದ ಪ್ರತಿಯನ್ನು ತಿಳಿದೂ ಬಳಸುವವನಿಗೆ ಏಳು ದಿನಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗೆ ವಿಸ್ತರಿಸಬಹುದಾದ ಸೆರೆವಾಸ, ಮತ್ತು ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಗಳವರೆಗೆ ದಂಡ. ಲಾಭಕ್ಕಾಗಲಿ ವ್ಯಾಪಾರ ವ್ಯವಹಾರಕ್ಕಾಗಲಿ ಬಳಸದಿದ್ದಲ್ಲಿ, ತಕ್ಕ ಕಾರಣಗಳಿದ್ದರೆ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟು ಐವತ್ತು ಸಾವಿರದೊಳಗಿನ ದಂಡವನ್ನಷ್ಟೇ ವಿಧಿಸಬಹುದು. ಮಗುವಿನ ಆಟಕ್ಕೆ ಈ ರಿಯಾಯಿತಿಯ ಆಸರೆ ಸಿಕ್ಕೀತು. ಕಕ್ಷಿದಾರರಿಂದ ಶುಲ್ಕ ಪಡೆದು ಅರ್ಜಿ ಬರೆದ ಅವನ ಸೋದರಮಾವನಿಗೆ ಅದೂ ಸಿಗಲಾರದು. ಆ ಕಲಮಿನಲ್ಲಿ "ತಿಳಿದೂ" ಎಂಬ ಮಾತೇ ಮುಖ್ಯ. ನಿನ್ನೆಯವರೆಗೆ ನಮಗೆ ತಿಳಿದಿರಲಿಲ್ಲ ಎನ್ನಬಹುದಿತ್ತು. ಆ ಸಂಜೆಯಿಂದಾಚೆಗೆ ಹಾಗೆನ್ನುವಂತಿರಲಿಲ್ಲ.

ಎಲ್ಲವನ್ನೂ ಅಳಿಸಬೇಕೆಂದು ನಿರ್ಧರಿಸಿದೆವು. ಹೊಸದಾಗಿ ಹಣ ಕೊಟ್ಟು ವಿಂಡೋಸನ್ನು ತರೋಣವೆಂದರೆ, ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದೇ ಮುಗಿದಿದೆ. ವಿಂಡೋಸ್ 11 ಇಷ್ಟು ಹಳೆಯ ಯಂತ್ರಗಳನ್ನು ನಿಯಮದಂತೆ ಒಪ್ಪಿಕೊಳ್ಳುವುದಿಲ್ಲ. ಉಳಿದದ್ದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿದ ಈ ವ್ಯವಸ್ಥೆಯನ್ನು ಯಾರೂ ಪಡೆಯಬಹುದು, ನಕಲು ಮಾಡಬಹುದು, ನೆರೆಯವರಿಗೆ ಹಂಚಬಹುದು, ಬದಲಿಸಲೂಬಹುದು. ಅದರ ಪರವಾನಗಿಯೇ ಈ ಹಕ್ಕುಗಳನ್ನು ಕೊಡುತ್ತದೆ. ನಾವು ಆರಿಸಿದ್ದು ಹಳೆಯ ಯಂತ್ರಗಳಿಗೆ ಹಗುರವೆನಿಸುವ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ. ಒಂದು ಪೆನ್‌ಡ್ರೈವ್, ಒಂದು ರವಿವಾರದ ಮಧ್ಯಾಹ್ನ, ಅಷ್ಟೇ ಸಾಕಾಯಿತು.

ಕೆಲಸ ಮುಗಿದಾಗ ಹುಡುಗ ಕೇಳಿದ ಮೊದಲ ಪ್ರಶ್ನೆ: "ಮಾಮಾ, ಇದ್ರಾಗ ನನ್ನ ವಿಮಾನ ಹಾರ್ತದೇನ್ರಿ?"

ಆ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಒಂದು ತಿಂಗಳು ಹಿಡಿಯಿತು. ಇದೇ ಪ್ರಶ್ನೆ ನಾಳೆ ನಿಮ್ಮ ಮನೆಯಲ್ಲಿಯೂ ಏಳಬಹುದಾದ್ದರಿಂದ ನಾವು ಕಂಡುಕೊಂಡದ್ದನ್ನು ಬರೆಯುತ್ತಿದ್ದೇನೆ.

ವಿಂಡೋಸಿಗಾಗಿ ಬರೆದ ಆಟವು ಲಿನಕ್ಸಿನಲ್ಲಿ ಏಕೆ ಓಡುವುದಿಲ್ಲ? ಒಳಗಿನ ಪ್ರೊಸೆಸರು ಒಂದೇ. ಅದು ಮಾಡುವ ಲೆಕ್ಕವೂ ಒಂದೇ. ಆದರೆ ಆಟವು ತಾನೊಂದೇ ಏನನ್ನೂ ಮಾಡಲಾರದು. ಪರದೆಯ ಮೇಲೆ ಚಿತ್ರ ಬಿಡಿಸು, ಕಡತವನ್ನು ತೆರೆ, ಧ್ವನಿಯನ್ನು ನುಡಿಸು ಎಂದು ಕ್ಷಣಕ್ಷಣವೂ ವ್ಯವಸ್ಥೆಯನ್ನು ಕೇಳಿಕೊಳ್ಳುತ್ತಲೇ ಇರುತ್ತದೆ. ಕೇಳಿಕೊಳ್ಳುವುದು ವಿಂಡೋಸಿನ ನುಡಿಯಲ್ಲಿ. ಲಿನಕ್ಸಿಗೆ ಆ ನುಡಿ ತಿಳಿಯದು. ಕೆಲಸ ಬರುವುದಿಲ್ಲವೆಂದಲ್ಲ, ಮಾತು ಅರ್ಥವಾಗುವುದಿಲ್ಲವೆಂದು ನಿಂತುಬಿಡುತ್ತದೆ.

ಈ ಸ್ಥಿತಿಯನ್ನು ನಮ್ಮ ಓದುಗರಿಗೆ ಬಹಳ ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ಝಹೀರಾಬಾದ್ ತಾಲೂಕಿನ ಬಹುಭಾಗ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಹೊಲ ಅದೇ, ಕೆಲಸ ಅದೇ. ಕಚೇರಿಯ ನುಡಿ ಮಾತ್ರ ಬೇರೆಯಾಯಿತು. ಅಂದಿನಿಂದ ನಾವು ಮನೆಯಲ್ಲಿ ಕನ್ನಡದಲ್ಲಿ ಯೋಚಿಸಿ, ತಹಸೀಲು ಕಚೇರಿಯಲ್ಲಿ ತೆಲುಗಿನಲ್ಲಿ ಕೇಳಿ, ನ್ಯಾಯಾಲಯದಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತ ಬಂದಿದ್ದೇವೆ. ನಡುವೆ ನಿಂತು ಮಾತನ್ನು ದಾಟಿಸುವ ಒಬ್ಬನಿದ್ದರೆ ಕೆಲಸ ಸಾಗುತ್ತದೆ.

ಗಣಕದಲ್ಲಿ ಆ ಒಬ್ಬನ ಹೆಸರು ವೈನ್. ಈ ಹೆಸರನ್ನು ಕೇಳಿ ನನ್ನ ಅವ್ವ, "ಹುಡುಗನ ಕೈಯಾಗ ಅದೇನು ಕೊಟ್ಟೀಯೋ ತಮ್ಮಾ?" ಎಂದು ಗಾಬರಿಯಾದಳು. ಪಾನೀಯಕ್ಕೂ ಇದಕ್ಕೂ ಸಂಬಂಧವಿಲ್ಲ. "ವೈನ್ ಎಮ್ಯುಲೇಟರ್ ಅಲ್ಲ" ಎಂಬರ್ಥದ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳಿಂದ ಆದ ಹೆಸರು ಅದು. ಎಮ್ಯುಲೇಟರ್ ಎಂದರೆ ಒಂದು ಯಂತ್ರದೊಳಗೆ ಇನ್ನೊಂದು ಯಂತ್ರವನ್ನೇ ನಟಿಸಿ ತೋರಿಸುವ ತಂತ್ರಾಂಶ. ಅದು ಭಾರವಾದದ್ದು, ನಿಧಾನವಾದದ್ದು. ವೈನ್ ಹಾಗೆ ವೇಷ ಹಾಕುವುದಿಲ್ಲ. ಆಟ ಕೇಳಿದ್ದನ್ನು ಆ ಕ್ಷಣದಲ್ಲಿಯೇ ಲಿನಕ್ಸಿನ ನುಡಿಗೆ ತಿರುಗಿಸಿ, ಬಂದ ಉತ್ತರವನ್ನು ಆಟಕ್ಕೆ ಮರಳಿಸುತ್ತದೆ. 1993ರಲ್ಲಿ ಆರಂಭವಾದ ಈ ಕೆಲಸ ಮೊದಲ ಪೂರ್ಣ ಆವೃತ್ತಿಗೆ ಬಂದದ್ದು 2008ರ ಜೂನಿನಲ್ಲಿ. ಹದಿನೈದು ವರ್ಷಗಳ ದುಡಿಮೆ. 2018ರ ಆಗಸ್ಟಿನಲ್ಲಿ ಆಟಗಳನ್ನು ಮಾರುವ ವಾಲ್ವ್ ಸಂಸ್ಥೆಯು ವೈನನ್ನೇ ಆಧಾರವಾಗಿಟ್ಟು ಪ್ರೋಟಾನ್ ಎಂಬುದನ್ನು ಹೊರತಂದು, ಸ್ಟೀಮ್ ಎಂಬ ತನ್ನ ಅಂಗಡಿಯೊಳಗೇ ಸೇರಿಸಿತು. ಅಂದಿನಿಂದ ಈ ದಾರಿ ಬಲ್ಲವರಿಗಷ್ಟೇ ಮೀಸಲಾಗಿ ಉಳಿದಿಲ್ಲ.

ಇಲ್ಲಿ ನನ್ನೊಳಗಿನ ವಕೀಲ ಎಚ್ಚೆತ್ತ. ಒಂದು ಕಳವಿನಿಂದ ಹೊರಬಂದು ಇನ್ನೊಂದಕ್ಕೆ ಕಾಲಿಡುತ್ತಿದ್ದೇವೆಯೇ? ಒಬ್ಬರ ವ್ಯವಸ್ಥೆಗಾಗಿ ಬರೆದುದನ್ನು ಇನ್ನೊಂದರಲ್ಲಿ ಓಡಿಸುವುದು ಸಮ್ಮತವೇ? ಕಾಯಿದೆಯನ್ನು ತೆಗೆದು ನೋಡಿದೆ. ಅದೇ ಕೃತಿಸ್ವಾಮ್ಯ ಕಾಯಿದೆಯ 52(1)(ಎಬಿ) ಖಂಡವು, 1999ರ ತಿದ್ದುಪಡಿಯಿಂದ ಬಂದದ್ದು, ಹೀಗೆ ಹೇಳುತ್ತದೆ: ಸ್ವತಂತ್ರವಾಗಿ ರಚಿಸಿದ ಒಂದು ಕಾರ್ಯಕ್ರಮವು ಇತರ ಕಾರ್ಯಕ್ರಮಗಳೊಡನೆ ಹೊಂದಿಕೊಂಡು ನಡೆಯಲು ಅಗತ್ಯವಾದ ಮಾಹಿತಿಯು ಬೇರೆ ರೀತಿಯಲ್ಲಿ ಸುಲಭವಾಗಿ ದೊರೆಯದಿದ್ದರೆ, ಕಾರ್ಯಕ್ರಮದ ಕಾನೂನುಬದ್ಧ ಸ್ವಾಧೀನ ಹೊಂದಿದವನು ಅದನ್ನು ಪಡೆಯಲು ಮಾಡಬೇಕಾದ ಕಾರ್ಯವು ಉಲ್ಲಂಘನೆಯಲ್ಲ. ವೈನ್ ರಚಿಸಿದವರು ವಿಂಡೋಸಿನ ಸಂಕೇತವನ್ನು ಎತ್ತಿಕೊಂಡಿಲ್ಲ. ಅದು ಯಾವ ಮಾತಿಗೆ ಯಾವ ಉತ್ತರ ಕೊಡುತ್ತದೆಂಬುದನ್ನು ಅರಿತು ತಮ್ಮದೇ ಸಂಕೇತವನ್ನು ಬರೆದರು. 2021ರ ಏಪ್ರಿಲಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ ಒರೇಕಲ್ ಮತ್ತು ಗೂಗಲ್ ನಡುವಿನ ಮೊಕದ್ದಮೆಯಲ್ಲಿ, ಕಾರ್ಯಕ್ರಮಗಳು ಪರಸ್ಪರ ಮಾತಾಡುವ ಘೋಷಣೆಗಳ ಸಾಲುಗಳನ್ನು ಗೂಗಲ್ ಬಳಸಿದ್ದು ನ್ಯಾಯಯುತ ಬಳಕೆಯೆಂದೇ ಹೇಳಿತು. ಆದುದರಿಂದ ಅನುವಾದಕನನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಅನುವಾದಕನಿದ್ದಾನೆಂಬ ಮಾತ್ರಕ್ಕೆ ಆಟವು ಪುಕ್ಕಟೆಯಾಗುವುದಿಲ್ಲ. ಆಟಕ್ಕೆ ಬೆಲೆಯಿದ್ದರೆ ಆ ಬೆಲೆಯನ್ನು ತೆರಲೇಬೇಕು. ಈ ಎರಡನ್ನೂ ಮಕ್ಕಳಿಗೆ ಒಟ್ಟಿಗೇ ಹೇಳಬೇಕು.

ಇನ್ನು ನಾವು ಮಾಡಿದ್ದು. ಮೈಕ್ರೋಸಾಫ್ಟ್ ಸಂಸ್ಥೆಯ ವಿಮಾನದ ಆಟವು 1982ರಿಂದ ಬರುತ್ತಿದೆ. 2020ರ ಹೊಸ ಆವೃತ್ತಿಯ ಚಿತ್ರಗಳನ್ನು ನೋಡಿ ಹುಡುಗ ಮರುಳಾಗಿದ್ದ. ಅದಕ್ಕೆ ಕನಿಷ್ಠ 8 ಜಿಬಿ ಸ್ಮೃತಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು, 150 ಜಿಬಿ ಜಾಗ ಬೇಕೆಂದು ಓದಿ ಇಬ್ಬರೂ ಸುಮ್ಮನಾದೆವು. ಪಾಲಕರು ಮೊದಲು ನೋಡಬೇಕಾದದ್ದು ಇದನ್ನೇ. ಲಿನಕ್ಸಾಗಲಿ ವೈನಾಗಲಿ ಯಂತ್ರದಲ್ಲಿ ಇಲ್ಲದ ಶಕ್ತಿಯನ್ನು ತಂದುಕೊಡುವುದಿಲ್ಲ. 2006ರಲ್ಲಿ ಹೊರಬಂದ ಹತ್ತನೆಯ ಆವೃತ್ತಿಯು ಸ್ಟೀಮಿನಲ್ಲಿ ಮಾರಾಟಕ್ಕಿತ್ತು. ರಿಯಾಯಿತಿಯ ದಿನವೊಂದನ್ನು ಕಾಯ್ದು ಕೊಂಡೆವು.

ಸ್ಟೀಮಿನ ಸೆಟ್ಟಿಂಗ್ಸಿನಲ್ಲಿ ಹೊಂದಾಣಿಕೆಯ ವಿಭಾಗಕ್ಕೆ ಹೋಗಿ, ಎಲ್ಲ ಆಟಗಳಿಗೂ ಪ್ರೋಟಾನ್ ಬಳಸುವಂತೆ ಗುರುತು ಹಾಕಿದೆವು. ಆಟ ಇಳಿಯಿತು. ತೆರೆದಾಗ ಕಪ್ಪು ಪರದೆ. ಮೂರು ಸಂಜೆ ಕಪ್ಪು ಪರದೆಯೇ. ಕಾರಣ ನಿಧಾನವಾಗಿ ತಿಳಿಯಿತು. ವಿಂಡೋಸಿನ ಆಟಗಳು ಚಿತ್ರ ಬಿಡಿಸಲು ಡೈರೆಕ್ಟ್‌ತ್ರೀಡಿ ಎಂಬ ನುಡಿಯನ್ನು ಬಳಸುತ್ತವೆ. ಪ್ರೋಟಾನು ಅದನ್ನು ವಲ್ಕನ್ ಎಂಬ ಹೊಸ ನುಡಿಗೆ ಅನುವಾದಿಸುತ್ತದೆ. ವಲ್ಕನ್ ಬಂದದ್ದು 2016ರಲ್ಲಿ. ನಮ್ಮ ಲ್ಯಾಪ್‌ಟಾಪು ಅದಕ್ಕಿಂತ ಹಳೆಯದು, ಅದರ ಗ್ರಾಫಿಕ್ಸಿಗೆ ವಲ್ಕನ್ ಪೂರ್ತಿಯಾಗಿ ಬಾರದು. ವಲ್ಕನ್ನಿನ ಬದಲು ಹಳೆಯ ಓಪನ್‌ಜಿಎಲ್ ನುಡಿಗೆ ಅನುವಾದಿಸು ಎಂದು ಪ್ರೋಟಾನಿಗೆ ತಿಳಿಸುವ ಒಂದು ಸಾಲನ್ನು ಆಟದ ಆರಂಭದ ಆಯ್ಕೆಗಳಲ್ಲಿ ಬರೆಯಬಹುದು. ಬರೆದೆವು. ನಾಲ್ಕನೆಯ ಸಂಜೆ ಓಡುದಾರಿ ಕಾಣಿಸಿತು. ಮೋಡಗಳನ್ನು ಕಡಿಮೆ ಮಾಡಿ, ಊರುಗಳ ಕಟ್ಟಡಗಳನ್ನು ತೆಗೆದು, ಪರದೆಯ ಗಾತ್ರ ಇಳಿಸಿದ ಮೇಲೆ ವಿಮಾನ ಮುಗ್ಗರಿಸದೆ ಹಾರಿತು. ಆಗ ಅವನ ಮುಖವನ್ನು ನೋಡಬೇಕಿತ್ತು.

ಪ್ರೋಟಾನಿನಿಂದ ಎಲ್ಲವೂ ಆಗುತ್ತದೆಂದು ಭ್ರಮಿಸಬಾರದು. ನಕಲು ತಡೆಯಲು ವ್ಯವಸ್ಥೆಯ ಆಳಕ್ಕಿಳಿದು ಕಾವಲು ಕೂರುವ ಆಟಗಳು ಹಲವೊಮ್ಮೆ ವೈನಿನಲ್ಲಿ ಏಳುವುದೇ ಇಲ್ಲ. ಸಿಡಿಯ ಕಾಲದ ಆಟಗಳ ಸೇಫ್‌ಡಿಸ್ಕ್ ಎಂಬ ಬೀಗವನ್ನು ವಿಂಡೋಸ್ 10 ತಾನೇ ಕೈಬಿಟ್ಟಿತು. ಹಣ ಕೊಡುವ ಮೊದಲು ನಿಮ್ಮಂಥದೇ ಯಂತ್ರದಲ್ಲಿ ಅದು ನಡೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಕ್ಷೇಮ.

ಆದರೆ ಈ ಲೇಖನ ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಆ ಆಟವಲ್ಲ. ಹುಡುಕುವ ದಾರಿಯಲ್ಲಿ ಫ್ಲೈಟ್‌ಗಿಯರ್ ಎಂಬ ಇನ್ನೊಂದು ಸಿಕ್ಕಿತು. 1996ರಲ್ಲಿ ಕೆಲವರು ಸೇರಿ ಕೈಹಚ್ಚಿದ ಕೆಲಸ. ಇಂದಿಗೂ ಸ್ವಯಂಸೇವಕರೇ ನಡೆಸುತ್ತಾರೆ. ಲಿನಕ್ಸಿನಲ್ಲಿ ನೇರವಾಗಿ ಓಡುತ್ತದೆ, ಅನುವಾದಕ ಬೇಕಿಲ್ಲ. ಬೆಲೆಯೂ ಇಲ್ಲ. ಚಿತ್ರಗಳು ಅಷ್ಟು ಸೊಗಸಾಗಿಲ್ಲವೆಂದು ಹುಡುಗ ಮೊದಲು ಮೂಗು ಮುರಿದ. ಬೇಗಂಪೇಟೆಯ ಓಡುದಾರಿ ಅದರಲ್ಲಿ ಇದೆಯೆಂದು ತಿಳಿದಾಗ ಸುಮ್ಮನಾದ. ಸೆಸ್ನಾ 172 ಎಂಬ ಚಿಕ್ಕ ವಿಮಾನವನ್ನು ಅಲ್ಲಿಂದ ಎಬ್ಬಿಸಿ, ಮಂಜೀರಾ ನದಿಯನ್ನು ಹುಡುಕುತ್ತ ಪಶ್ಚಿಮಕ್ಕೆ ಹೊರಟ. ಮೊದಲ ದಿನ ದಾರಿ ತಪ್ಪಿದ. ಮರುದಿನ ಶಾಲೆಯ ಭೂಪಟವನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತ.

ಫ್ಲೈಟ್‌ಗಿಯರಿನ ಒಳಗು ಮುಚ್ಚಿಲ್ಲ. ವಿಮಾನದ ತೂಕ, ರೆಕ್ಕೆಯ ವಿಸ್ತೀರ್ಣ, ಎಂಜಿನಿನ ಶಕ್ತಿ ಎಲ್ಲವೂ ಸಾಧಾರಣ ಬರಹದ ಕಡತಗಳಲ್ಲಿ ಓದಲು ಬರುವಂತಿವೆ. ಸೆಸ್ನಾದ ರೆಕ್ಕೆಯ ವಿಸ್ತೀರ್ಣ 174 ಚದರ ಅಡಿ ಎಂದು ಅಲ್ಲಿ ಬರೆದಿತ್ತು. ಒಂದು ಸಂಜೆ ಅವನು ಅದನ್ನು 100 ಎಂದು ತಿದ್ದಿ ನೋಡಿದ. ಎಂದಿನಂತೆ ಸುಮಾರು 55 ನಾಟ್ ವೇಗದಲ್ಲಿ ಮೂಗು ಎತ್ತಿದರೂ ವಿಮಾನ ನೆಲ ಬಿಡಲಿಲ್ಲ. ಇನ್ನೂ ದೂರ ಓಡಿ, ವೇಗ ಹೆಚ್ಚಿದ ಮೇಲೆ ಕಷ್ಟಪಟ್ಟು ಎದ್ದಿತು. ಅವನು ಓಡಿ ಬಂದು ಹೇಳಿದ: "ಮಾಮಾ, ರೆಕ್ಕಿ ಸಣ್ಣದಾದ್ರ ಜೋರು ಓಡಬೇಕಾಗ್ತದರಿ!" ಮೇಲೆತ್ತುವ ಬಲವು ರೆಕ್ಕೆಯ ವಿಸ್ತೀರ್ಣವನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆಯೆಂಬುದನ್ನು ಅವನ ಪಾಠ ಇನ್ನೂ ಹೇಳಿಕೊಟ್ಟಿಲ್ಲ. ಅವನು ಅದನ್ನು ಕನ್ನಡದಲ್ಲಿ, ತಾನೇ ಕಂಡು ಹೇಳಿದ. ಕದ್ದ ಆಟದಲ್ಲಿ ಆರು ತಿಂಗಳು ಆಡಿದ್ದ. ಇಂಥ ಮಾತೊಂದು ಅವನ ಬಾಯಿಂದ ಬಂದಿರಲಿಲ್ಲ.

ಅದರ ಆಯ್ಕೆಪಟ್ಟಿಗಳು ನಮ್ಮ ಯಂತ್ರದಲ್ಲಿ ಇಂಗ್ಲಿಷಿನಲ್ಲಿವೆ. ಅವನು ಒಂದು ನೋಟುಪುಸ್ತಕ ಇಟ್ಟುಕೊಂಡಿದ್ದಾನೆ. ರಡರ್ ಎಂದರೆ ಚುಕ್ಕಾಣಿ, ರನ್‌ವೇ ಎಂದರೆ ಓಡುದಾರಿ ಎಂದು ಬರೆಯುತ್ತ ಹೋಗುತ್ತಾನೆ. ಲಿನಕ್ಸಿನಲ್ಲಿ ಕೆಪಿ ರಾವ್ ಅವರ ವಿನ್ಯಾಸವನ್ನು ಅನುಸರಿಸುವ ಕಗಪ ಕೀಲಿಮಣೆ ಮೊದಲೇ ಇರುವುದರಿಂದ, ಈಗ ಅದೇ ಪಟ್ಟಿಯನ್ನು ಲ್ಯಾಪ್‌ಟಾಪಿನಲ್ಲಿಯೂ ಕನ್ನಡದಲ್ಲಿ ಟೈಪು ಮಾಡುತ್ತಿದ್ದಾನೆ.

ಆಟವಾಡಿ ಹುಡುಗರು ಕೆಡುತ್ತಾರೆಂದು ಹಿರಿಯರು ಹೇಳುವುದುಂಟು. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ಒಂದು ಗಂಟೆಯ ಮಿತಿ ಇದೆ. ಆದರೂ ನೆಲದ ಮೇಲೆ ಕುಳಿತು ಹಾರಲು ಕಲಿಯುವುದು ಹೊಸ ಮೋಜಲ್ಲ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ, ತನ್ನ ತಂದೆಯ ವಾದ್ಯದ ಕಾರ್ಖಾನೆಯಲ್ಲಿ ಕಲಿತ ತಿದಿಗಳ ವಿದ್ಯೆಯಿಂದಲೇ ಅಲುಗಾಡುವ ವಿಮಾನದ ಪೆಟ್ಟಿಗೆಯೊಂದನ್ನು ಕಟ್ಟಿದ. ಎರಡನೆಯ ಮಹಾಯುದ್ಧದ ಲಕ್ಷಾಂತರ ವಿಮಾನಚಾಲಕರು ಅದರಲ್ಲಿ ಕುಳಿತು ಕಲಿತರು. ಇಷ್ಟಾದರೂ ಮನೆಯ ಲ್ಯಾಪ್‌ಟಾಪಿನಲ್ಲಿ ಹಾರಿದ ಗಂಟೆಗಳು ಯಾವ ಪರವಾನಗಿಗೂ ಲೆಕ್ಕಕ್ಕೆ ಬರುವುದಿಲ್ಲ. ವಾಣಿಜ್ಯ ಚಾಲಕನ ಪರವಾನಗಿಗೆ ಹದಿನೆಂಟು ವರ್ಷ ತುಂಬಿರಬೇಕು, ನಿಜವಾದ ಆಕಾಶದಲ್ಲಿ 200 ಗಂಟೆಗಳು ಬೇಕು, ಅದಕ್ಕೆ ತಗಲುವ ವೆಚ್ಚವೂ ದೊಡ್ಡದು. ಇದನ್ನು ನಾನು ಹುಡುಗನಿಗೆ ಮುಚ್ಚಿಟ್ಟಿಲ್ಲ. ಅವನು ಲೆಕ್ಕ ಹಾಕಿ, "ಇನ್ನೂ ಐದು ವರ್ಷ ಅದಾವಲ್ರಿ" ಎಂದ.

ಶಾಲೆಗಳ ಮಾತೂ ಇಲ್ಲಿ ಬರಬೇಕು. ಗಡಿಯ ಇನ್ನೊಂದು ತುದಿಯಾದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಗಣಕ ಕಲಿಯುವುದು ಲಿನಕ್ಸಿನಲ್ಲಿಯೇ. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅದು ತಾನೇ ಸಿದ್ಧಪಡಿಸಿದ ಲಿನಕ್ಸನ್ನು ಶಾಲೆಗಳಿಗೆ ಕೊಡುತ್ತದೆ. ಅಲ್ಲಿನ ಮಕ್ಕಳಿಗೆ ಗಣಕದ ಪಠ್ಯಪುಸ್ತಕ ಕನ್ನಡದಲ್ಲಿಯೂ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350-ಎ ಅನುಚ್ಛೇದವು ಪ್ರತಿ ರಾಜ್ಯಕ್ಕೂ ಹೇಳುತ್ತದೆ. ಅದು ಸೇರಿದ್ದೂ ಅದೇ 1956ರಲ್ಲಿ. ಆ ಹಕ್ಕಿಗಾಗಿ ಮನವಿಗಳನ್ನು ಬರೆಯುತ್ತಲೇ ಇರಬೇಕು. ಮನವಿಗೆ ಉತ್ತರ ಬರುವವರೆಗೆ ಕಾಯದೆ ನಾವೇ ಮಾಡಬಹುದಾದದ್ದೂ ಇದೆ. ಯಾರದೋ ಮನೆಯ ಅಟ್ಟದ ಮೇಲೆ, ಹಳೆಯದಾಯಿತೆಂದು ಎತ್ತಿಟ್ಟ ಲ್ಯಾಪ್‌ಟಾಪು ಇರುತ್ತದೆ. ಅದನ್ನು ಎಸೆಯಬೇಡಿ, ಪುಕ್ಕಟೆ ವಿಂಡೋಸ್ ಹಾಕಿಕೊಡುತ್ತೇನೆಂಬ ಅಂಗಡಿಗೂ ಒಯ್ಯಬೇಡಿ. ಹಾಕಿಸುವ ಮೊದಲು ಅದರಲ್ಲಿರುವ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳಿ, ಏಕೆಂದರೆ ಹೊಸ ವ್ಯವಸ್ಥೆ ಹಳೆಯದನ್ನು ಅಳಿಸಬಹುದು. ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ಒಮ್ಮೆ ನಡೆಸಿ ನೋಡಿ, ಹಿಡಿಸಿದರೆ ಹಾಕಿಕೊಳ್ಳಿ.

ಕಳೆದ ರವಿವಾರ ನಮ್ಮ ಪಡಸಾಲೆಯಲ್ಲಿ ಮೂವರು ಹುಡುಗರೂ ಒಬ್ಬಳು ಹುಡುಗಿಯೂ ಕುಳಿತಿದ್ದರು. ಅವಳ ತಂದೆಯ ಹಳೆಯ ಯಂತ್ರಕ್ಕೆ ನನ್ನ ಅಳಿಯನೇ ಮಿಂಟ್ ಹಾಕುತ್ತಿದ್ದ. ಇದನ್ನು ನಕಲು ಮಾಡಿಕೊಟ್ಟರೆ ತಪ್ಪಲ್ಲವೇ ಎಂದು ಅವಳು ಕೇಳಿದಳು. ಅವನು ನನ್ನ ಕಡೆ ನೋಡಲಿಲ್ಲ. "ಇದನ್ನ ಕೊಡಬಹುದು, ಆ ಆಟ ಮಾತ್ರ ಕೊಡಾಕ ಬರಂಗಿಲ್ಲ, ಅದನ್ನ ನಾವು ರೊಕ್ಕ ಕೊಟ್ಟು ತಂದೇವಿ" ಎಂದ. ಹೊರಗೆ ಬೀದರಿನ ಕಡೆಯಿಂದ ಸದ್ದು ಬಂತು. ನಾಲ್ವರೂ ಎದ್ದು ಅಂಗಳಕ್ಕೆ ಓಡಿದರು.